ಎಲ್ಲರ ಹೆಡ್‌ಫೋನಿನಲ್ಲೂ ದೊಡ್ಡಮ್ಮ

ದೊಡ್ಡಮ್ಮಾ, ನಮಸ್ಕಾರ.

ಆಸ್ಪತ್ರೆಗಳ ಕಂಪ್ಯೂಟರ್‌ಗಳ ಮೇಲೆ ಯಾವ ಸರ್ಕಾರವೂ ದಾಳಿ ‘ಮಾಡಬಾರದು’ ಎಂದು ಬರೆಯಬೇಕೋ, ‘ಮಾಡದಿದ್ದರೆ ಒಳ್ಳೆಯದು’ ಎಂದು ಬರೆಯಬೇಕೋ ಎಂದು ಇಲ್ಲಿನ ಒಪ್ಪಂದದ ಸಭೆಯಲ್ಲಿ ದೇಶದೇಶದ ಪ್ರತಿನಿಧಿಗಳು ಎರಡು ದಿನ ಜಗ್ಗಾಡಿದರು. ಇವತ್ತು ನರ್ಸ್ ಆದ ನನ್ನನ್ನೂ ಮಾತಿಗೆ ಕರೆದರು. ನಮ್ಮ ವಾರ್ಡಿನ ಕಂಪ್ಯೂಟರ್‌ಗಳನ್ನು ಯಾರೋ ಕೆಡಿಸಿದಾಗ, ಅದೇ ವಾರ್ಡಿನ ನರ್ಸಾಗಿ ನಿವೃತ್ತರಾಗಿದ್ದ ನೀವು ಓಡಿಬಂದು, ಒಂಬತ್ತು ದಿನ ನಲವತ್ತು ರೋಗಿಗಳ ಔಷಧಿಯ ವಿವರವನ್ನೆಲ್ಲ ಕೈಯಲ್ಲೇ ಬರೆದು ಅವರನ್ನು ಕಾಪಾಡಿದ್ದನ್ನು ಹೇಳಿದೆ. ಬಾಯಿತಪ್ಪಿ ‘ದೊಡ್ಡಮ್ಮ’ ಎಂದುಬಿಟ್ಟೆ. ಅನುವಾದಕರೂ ಆ ಪದವನ್ನು ಹಾಗೇ ಹೇಳಿ, ಎಲ್ಲರ ಹೆಡ್‌ಫೋನಿನಲ್ಲೂ ದೊಡ್ಡಮ್ಮ! ‘ಮಾಡದಿದ್ದರೆ ಒಳ್ಳೆಯದು’ ಎಂದರೆ ಸಾಕೆಂದು ಹಟ ಹಿಡಿದಿದ್ದ ಪ್ರತಿನಿಧಿಯೇ ಕೊನೆಗೆ, “ಆಯ್ತು, ‘ಮಾಡಬಾರದು’ ಅಂತಲೇ ಇರಲಿ ಬಿಡಿ,” ಎಂದರು.

ನನ್ನ ನೆಗಡಿ ಇಳಿದಿದೆ. ಬಸ್ಸು ಬಂತು, ಒಂದೇ ಮಾತು: ಆಗಿನ ಗಡಿಬಿಡಿಯಲ್ಲಿ ನಿಮಗೆ ಥ್ಯಾಂಕ್ಸ್ ಹೇಳಲೂ ಮರೆತಿದ್ದೆ, ಇವತ್ತು ಅಷ್ಟು ಜನರೆದುರು ಹೇಳಿದೆ.

ನಿಮ್ಮ ತಂಗಿಯ ಮಗಳು