ಕಟ್ಟೆಯ ಮೇಲಿನ ಸಿಮೆಂಟಿನ ಅಲ್ಲವ್ವನನ್ನು ದಯವಿಟ್ಟು ಎಬ್ಬಿಸಿ

ಊರೂರಿನ ಬಯಲುಗಳನ್ನು ಅಂದಗೊಳಿಸುವ ಅಧಿಕಾರ ಪಡೆದಿರುವ ಮಾನ್ಯರೇ,

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನ ಬಸ್ ನಿಲ್ಲುವ ಬಯಲಿನಲ್ಲಿ ತಾವು ಒಂದು ಕಲಾಕಟ್ಟೆ ಕಟ್ಟಿಸಿದ್ದೀರಿ. ಅದರ ಮೇಲೆ ಕೂರಲು ಜಾಗವಿಲ್ಲ. ಎಂಟು ಜನ ಸಿಮೆಂಟಿನವರು ನಮಗಿಂತ ಮೊದಲೇ ಬಂದು ಕೂತುಬಿಟ್ಟಿದ್ದಾರೆ. ಅವರು ಸರಿದು ಕೂರುವುದಿಲ್ಲ, ಬಸ್ಸು ಬಂದರೂ ಹತ್ತುವುದಿಲ್ಲ. ಅವರ ಸುತ್ತ ಎದೆಮಟ್ಟದ ಕಬ್ಬಿಣದ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಂದು ಬೀಗ, ಪಕ್ಕದಲ್ಲಿ ಫಲಕ: 'ಕಲಾಕೃತಿಗಳನ್ನು ಮುಟ್ಟಬಾರದು. ಕಟ್ಟೆಯ ಮೇಲೆ ಕೂರಬಾರದು.' ನನ್ನ ದೂರು ಇಷ್ಟೇ. ಆದರೆ ಈ ದೂರು ಕೊಡುತ್ತಿರುವವನೇ ಇದರಲ್ಲಿ ಅರ್ಧ ತಪ್ಪಿತಸ್ಥ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದರ್ಧ ಯಾರದೆಂದು ತಾವೇ ವಿಚಾರಿಸಿಕೊಳ್ಳಬಹುದು.

ನಾನು ಗೋಕಾಕದ ಹೆಸರಿನಿಂದ ಕರೆಯುವ ಕಟ್ಟಿಗೆ ಗೊಂಬೆಯ ಕಸುಬಿನವನು. ಎರಡು ವರ್ಷದ ಹಿಂದೆ ತಮ್ಮ ಕಚೇರಿಯ ಎಂಜಿನಿಯರರು ನನ್ನ ಮನೆಯ ಪಡಸಾಲೆಗೆ ಬಂದು ಕೂತರು. ಸಾರ್ವಜನಿಕ ಬಯಲಿನಲ್ಲಿ ಕಲೆ ಮತ್ತು ವಾಸ್ತುಶಿಲ್ಪ ಕೈ ಕೈ ಹಿಡಿಯಬೇಕು, ಸ್ಥಳೀಯ ಕಲಾವಿದರನ್ನು ಒಳಗೊಳ್ಳಬೇಕು ಎಂದು ಮೇಲಿನಿಂದ ಸುತ್ತೋಲೆ ಬಂದಿದೆಯೆಂದೂ, ಬೇವಿನ ಮರದ ಕೆಳಗಿನ ಹಳೆಯ ಕಲ್ಲುಕಟ್ಟೆ ತೆಗೆದು ಹೊಸದು ಕಟ್ಟಲು ಒಂದು ಮಾದರಿ ಬೇಕೆಂದೂ ಹೇಳಿದರು. ಐವತ್ತೆಂಟು ವರ್ಷದ ಬಾಳಿನಲ್ಲಿ ಸರಕಾರ ನನ್ನ ಮನೆಗೆ ಬಂದದ್ದು ಅದೇ ಮೊದಲು. ನನಗೆ ಹಿಗ್ಗಾಯಿತು. ಸುಳ್ಳು ಯಾಕೆ ಹೇಳಲಿ?

ಆ ಕಟ್ಟೆಯ ಮೇಲೆ ಮೂವತ್ತು ವರ್ಷದಿಂದ ಕೂತು ಪಲ್ಲೆ ಮಾರುವವಳು ಮೇಲವಂಕಿಯ ಅಲ್ಲವ್ವ. ಮೊದಲ ಬಸ್ಸಿಗೆ ಮೆಂತ್ಯೆ, ರಾಜಗಿರಿ, ಹಕ್ಕರಕಿ ಸೊಪ್ಪಿನ ಸಿವುಡು ಕಟ್ಟಿಕೊಂಡು ಬರುತ್ತಾಳೆ. ಎರಡೂ ಮೊಣಕಾಲು ಹೋಗಿವೆ. ಮಾದರಿ ಮಾಡುವ ಮುನ್ನ ನಾನು ದಾರ ಹಿಡಿದುಕೊಂಡು ಅವಳ ಹಿಮ್ಮಡಿಯಿಂದ ಮೊಣಕಾಲಿನ ತನಕ ಅಳೆಯಲು ಹೋದೆ.

"ಯಾಕೋ ತಮ್ಮಾ, ನನ್ನ ಕಾಲಿಗೆ ಅಳತಿ ಹಿಡಿಯಾಕತ್ತಿ?" ಅಂದಳು.

"ಹೊಸಾ ಕಟ್ಟಿ ಬರತೈತಿ ಅಕ್ಕಾ. ನೀ ಕುಂತು ಏಳಾಕ ಬರೋಬ್ಬರಿ ಆಗಬೇಕಲ್ಲಾ."

"ಹಂಗಾದ್ರ ಎರಡ ಬಟ್ಟ ಎತ್ತರಾನ ಇಡಸಪಾ. ಕೆಳಗಿಂದ ಏಳೂದಂದ್ರ ನನ್ನ ಜೀವಾನ ಹೋಗತೈತಿ."

ಎರಡು ಬೆರಳು ಎತ್ತರವೇ ಹಿಡಿದೆ. ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಮನೆಯ ಕಸುಬಿನಲ್ಲಿ ಬರೀ ವಸ್ತುವನ್ನಷ್ಟೇ ಮಾಡುವ ರೂಢಿಯೇ ಇಲ್ಲ. ನನ್ನ ಅಪ್ಪ ಬೀಸುಕಲ್ಲು ಮಾಡಿದರೆ ಬೀಸುವವಳನ್ನೂ ಮಾಡುತ್ತಿದ್ದ, ಬಂಡಿ ಮಾಡಿದರೆ ಹೊಡೆಯುವವನನ್ನೂ. ಮನುಷ್ಯನಿಲ್ಲದೆ ಸಾಮಾನಿನ ಅಳತೆ ತಿಳಿಯುವುದಿಲ್ಲ ಎನ್ನುತ್ತಿದ್ದ. ಹಾಗಾಗಿ ನಾನೂ ಗೇಣುದ್ದದ ಕಟ್ಟೆ ಕೆತ್ತಿ, ಅದರ ಮೇಲೆ ಎಂಟು ಜನರನ್ನು ಕೂರಿಸಿ ಬಣ್ಣ ಹಚ್ಚಿದೆ. ಬಸ್ಸಿಗೆ ಕಾಯುವವರು, ತಲೆಯ ಪಟಗ ಬಿಚ್ಚಿ ಗಾಳಿ ಹಾಕಿಕೊಳ್ಳುವ ಮುದುಕ, ಮೂರನೆಯ ಜಾಗದಲ್ಲಿ ಪಲ್ಲೆ ಬುಟ್ಟಿಯ ಅಲ್ಲವ್ವ. ಜನ ಎಲ್ಲಿ, ಹೇಗೆ ಕೂರುತ್ತಾರೆಂದು ತೋರಿಸಲಷ್ಟೇ ಅವರು ಅಲ್ಲಿದ್ದರು. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ನಮ್ಮ ಕಸುಬಿನಲ್ಲಿ ಯಾರೂ ಯಾರಿಗೂ ಅದನ್ನು ಹೇಳುವುದಿಲ್ಲ.

ಉದ್ಘಾಟನೆಯ ದಿನ ಪರದೆ ಸರಿಸಿದಾಗ ಮಂದಿ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಎಂಜಿನಿಯರರು ಮಾತ್ರ ಖುಷಿಯಲ್ಲಿದ್ದರು. "ನಿಮ್ಮ ಮಾಡೆಲ್ ಇದ್ದಂಗ ಐತಿ ನೋಡ್ರಿ ಗಜಾನನ ಅವರ, ಒಂದ್ ಎಳಿ ಫರಕ್ ಮಾಡಿಲ್ಲ."

"ಸಾಹೇಬ್ರ, ಆ ಮಂದಿನ್ನ ನಾ ಅಂದಾಜ ತಿಳೀಲಿ ಅಂತ ಇಟ್ಟಿದ್ನಿರಿ. ಅವರನ್ನ ಕಟ್ಟಾಕ ಅಲ್ರಿ."

"ಅದನ್ನ ಮೊದಲ ಹೇಳಬೇಕಿಲ್ರಿ? ಟೆಂಡರಿನಾಗ ಎಂಟ ಮಂದಿ ಅಂತ ಬರದ ಹೋಗೇತಿ."

ಬರೆದು ಹೋದ ಮೇಲೆ ಮುಗಿಯಿತಲ್ಲ! ಮಾನ್ಯರೇ, ಒಂದು ಊರಿನ ಕಟ್ಟೆಯ ಮೇಲೆ ಯಾರು ಕೂರಬೇಕೆಂದು ಟೆಂಡರು ತೀರ್ಮಾನಿಸುವ ಕಾಲ ಬಂದದ್ದು ನಮಗೆ ತಿಳಿದಿರಲಿಲ್ಲ. ತಮ್ಮ ಸುತ್ತೋಲೆಯಲ್ಲಿ ಕಲೆ ಮತ್ತು ವಾಸ್ತುಶಿಲ್ಪ ಒಂದಾಗಬೇಕೆಂದಿತ್ತು. ಒಂದಾಗಿವೆ, ಒಪ್ಪುತ್ತೇನೆ. ಎಷ್ಟು ಒಂದಾಗಿವೆಯೆಂದರೆ ನಡುವೆ ಮನುಷ್ಯ ನುಸುಳಲು ಜಾಗ ಉಳಿದಿಲ್ಲ. ಬೇವಿನ ಮರವನ್ನು ಕಡಿಯದೆ ಉಳಿಸಿದ್ದಕ್ಕೆ ಕೃತಜ್ಞತೆಗಳು. ಅದರ ನೆರಳು ಬೆಳಗಿನಿಂದ ಸಂಜೆಯ ತನಕ ಸಿಮೆಂಟಿನವರ ಮೇಲೆ ಬೀಳುತ್ತದೆ. ಹಿಡಕಲ್ ಅಣೆಕಟ್ಟಿಗೂ ಗೇಟುಗಳಿವೆ, ನೀರು ತುಂಬಿದರೆ ತೆರೆಯುತ್ತಾರೆ. ತಮ್ಮ ಗೇಟು ಇಲ್ಲಿಯವರೆಗೆ ತೆರೆದದ್ದು ಒಂದೇ ಸಲ, ಫೋಟೋ ತೆಗೆಯಲು. ಹೊರಗೆ ಜನ ತುಂಬಿ ನಿಂತರೆ ತೆರೆಯಲು ಅದಕ್ಕೆ ಯಾವ ಮಟ್ಟವನ್ನು ಗುರುತು ಮಾಡಿದ್ದೀರಿ? ಕಾಯುವವರಿಗಾಗಿ ಕಟ್ಟಿದ ಕಟ್ಟೆಯ ಮುಂದೆ ಕಾಯುವವರು ನಿಂತೇ ಇದ್ದರೆ, ಅದನ್ನು ಯಾವ ಕಲೆ ಎನ್ನಬೇಕು?

ಅಲ್ಲವ್ವ ಈಗ ಕಟ್ಟೆಯ ಎದುರು, ಗಟಾರದ ಅಂಚಿಗೆ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಾಳೆ. ಬೆಳಿಗ್ಗೆ ಯಾರಾದರೂ ರಟ್ಟೆ ಹಿಡಿದು ಕೂರಿಸಬೇಕು, ಸಂಜೆ ಯಾರಾದರೂ ಹಿಡಿದು ಎಬ್ಬಿಸಬೇಕು. ಹೋದ ಸೋಮವಾರ ನಾನು ಚಹಾ ತಂದುಕೊಟ್ಟರೆ ಒಲ್ಲೆನೆಂದಳು. ನೀರೂ ಬೇಡವೆಂದಳು. ಒತ್ತಾಯ ಮಾಡಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಕುಡದ್ರ ಏಳಬೇಕಾಗತೈತಿ ತಮ್ಮಾ. ಯಾರನ್ನ ಕರೀಲಿ ನಾ ಆವಾಗ?"

ಬೆಳಗಿನಿಂದ ಸಂಜೆಯ ತನಕ ಒಂದು ಗುಟುಕು ನೀರು ಕುಡಿಯದೆ ಕೂರುತ್ತಿದ್ದಾಳೆ, ಮಾನ್ಯರೇ. ಎದುರಿಗೆ ಅವಳದೇ ಮೂಗಿನ, ಅವಳದೇ ಬುಟ್ಟಿಯ ಸಿಮೆಂಟಿನ ಹೆಂಗಸು, ಅವಳ ಮೊಣಕಾಲಿಗೆ ಅಳೆದು ಕಟ್ಟಿದ ಕಟ್ಟೆಯ ಮೇಲೆ, ನೆರಳಲ್ಲಿ. ಅಲ್ಲವ್ವ ನನಗೆ ಒಂದು ಮಾತು ಬೈದಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಆಕಿ ಪಲ್ಲೆ ಬಾಡಂಗಿಲ್ಲ ನೋಡ," ಎಂದು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ದೀಪಾವಳಿ ಮುಗಿಸಿ ಪಲ್ಲೆ ಮಾರೂದು ಸಾಕ ಮಾಡತೇನಿ. ಆಗವಲ್ದು," ಅಂದಳು. ನಾನು ಅಲ್ಲೇ ಕೂತು ಅವಳ ಪಲ್ಲೆಗೆ ನೀರು ಚಿಮುಕಿಸಿದೆ.

ತಮ್ಮ ಕಚೇರಿಗೆ ನಾನು ಬಾರದೇ ಉಳಿದಿಲ್ಲ. ನಾಲ್ಕು ಅರ್ಜಿ ಕೊಟ್ಟಿದ್ದೇನೆ. ನಾಲ್ಕನೆಯ ಸಲ ತಮ್ಮ ಗುಮಾಸ್ತರಾದ ಶಿವಾನಂದ ಅವರು ಪಾಪ, ಕುರ್ಚಿ ಕೊಟ್ಟು ಕೂರಿಸಿದರು. "ಕಲಾಕೃತಿ ತಗ್ಯಾಕ ಕಲಾವಿದರ ಒಪ್ಪಿಗಿ ಬೇಕ್ರಿ," ಎಂದರು. ಕಲಾವಿದ ನಾನೇ ಎಂದೆ. ಕಡತ ತಿರುವಿ ನೋಡಿದರು. ಕಲಾವಿದರ ಹೆಸರಿನ ಕಡೆ 'ಸ್ಥಳೀಯರು' ಎಂದಷ್ಟೇ ಇತ್ತು. "ನೀವ ಅಂಬೂದಕ್ಕ ಏನರ ಪುರಾವೆ ತರ್ರಿ," ಎಂದರು. ಪುರಾವೆ ಎಂದರೆ ಆ ಕಟ್ಟಿಗೆಯ ಮಾದರಿ. ಅದು ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿದೆ. ತಮ್ಮ ಕೋಣೆಗೆ ಹೋಗಲು ನಾನೇ ಕಲಾವಿದನೆಂಬ ಪುರಾವೆ ಬೇಕಂತೆ. ಅಲ್ಲಿಗೆ ನನ್ನ ಬುದ್ಧಿಯೂ ಕಾಲೂ ನಿಂತವು. ಊರಿನ ಹುಡುಗರು ಬೀಗ ಒಡೆಯೋಣವೆಂದರು. ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಕೇಸು ಬೀಳುತ್ತದೆಂದು ನಾನೇ ತಡೆದೆ. ತಡೆದದ್ದು ಸರಿಯೋ ತಪ್ಪೋ ಈಗಲೂ ಗೊತ್ತಾಗುತ್ತಿಲ್ಲ.

ಹಾಗಾಗಿ ಈ ಪತ್ರಿಕೆಯ ಮೂಲಕ ಬೇಡುತ್ತಿದ್ದೇನೆ. ಕಟ್ಟೆ ಒಡೆಯಿರೆಂದು ಕೇಳುತ್ತಿಲ್ಲ; ಅದರ ಎತ್ತರ ಸರಿಯಾಗಿದೆ. ಎಂಟು ಜನರನ್ನೂ ಎಬ್ಬಿಸಿರೆಂದೂ ಕೇಳುವ ಧೈರ್ಯವಿಲ್ಲ. ತಾವು ಕುರ್ಚಿಯಿಂದ ಎದ್ದು, ಕಪಾಟಿನ ಗಾಜು ಸರಿಸಿ, ಆ ಗೊಂಬೆಕಟ್ಟೆಯನ್ನು ಒಮ್ಮೆ ಮಗುಚಿ ನೋಡಿ. ಅಡಿಯಲ್ಲಿ ಸುಟ್ಟ ಕಬ್ಬಿಣದಿಂದ ಬರೆದ ನನ್ನ ಹೆಸರಿದೆ. ಅದೇ ಪುರಾವೆ, ಅದೇ ನನ್ನ ಒಪ್ಪಿಗೆ. ಆಮೇಲೆ ಗೇಟಿನ ಬೀಗ ತೆಗೆಸಿ, ಮೂರನೆಯ ಜಾಗದ ಸಿಮೆಂಟಿನ ಹೆಂಗಸನ್ನು ಮಾತ್ರ ದೀಪಾವಳಿಯೊಳಗೆ ಎಬ್ಬಿಸಿ. ಸುತ್ತಿಗೆ ನಾನೇ ತರುತ್ತೇನೆ. ಆ ಜಾಗದಲ್ಲಿ ಕೂತು ಒಬ್ಬಳು ನೀರು ಕುಡಿಯಬೇಕಾಗಿದೆ.

ಇಂತಿ,
ಕಟ್ಟಿಗೆಯಲ್ಲಿ ಅಲ್ಲವ್ವನನ್ನು ಕೂರಿಸಿ, ಕಟ್ಟೆಯಿಂದ ಅವಳನ್ನು ಎಬ್ಬಿಸಿದ
ಗಜಾನನ, ಗೊಂಬೆ ಮಾಡುವವನು
(ತಮ್ಮ ಕಡತದಲ್ಲಿ: 'ಸ್ಥಳೀಯರು')