ಇನ್ನೂರ ಹದಿನಾಲ್ಕನೇ ನಂಬರಿನ ಶಾರ್ಕ್

ಸಾನ್ ಕಾರ್ಲೋಸ್
ಆಗಸ್ಟ್ 14, 1968

ನನ್ನ ಮುದ್ದು ಮೆಲಿದಾ,

ಮೊದಲು ಕೂತುಕೋ. ಮಗು ಕಂಕುಳಲ್ಲಿದ್ದರೆ ಕೆಳಗಿಳಿಸು. ಎರಡನೇ ತಾರೀಖು ನದಿ ಕಡಲು ಸೇರುವಲ್ಲಿ ನೀನು ಬಾಲಕ್ಕೆ ಹಗ್ಗ ಹಾಕಿ ಹಿಡಿದುಕೊಂಡು, ನಿನ್ನ ಗಂಡ ಬೆನ್ನಿನ ರೆಕ್ಕೆಗೆ ನಂಬರಿನ ಹಳದಿ ಬಿಲ್ಲೆ ಚುಚ್ಚಿ ಬಿಟ್ಟಿರಲ್ಲ, ಆ ಶಾರ್ಕ್ ನಮ್ಮ ಸರೋವರಕ್ಕೆ ಬಂದಿದೆ! ಇಡೀ ನದಿ ಹತ್ತಿ, ಹನ್ನೊಂದೇ ದಿನದಲ್ಲಿ! ಊರಲ್ಲಿ ಅಷ್ಟು ಜನರ ಗಾಳವಿದ್ದರೂ ಸಿಕ್ಕಿದ್ದು ಮಾತ್ರ ನಿಮ್ಮಪ್ಪನ ಗಾಳಕ್ಕೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಹಿಡಿಯುವುದು ಅವರು, ಸುಲಿದು, ರೆಕ್ಕೆ ಕತ್ತರಿಸಿ, ಉಪ್ಪು ಹಚ್ಚಿ ಒಣಹಾಕುವುದು ನಾನು. ನಿನ್ನೆ ಬೆಳಿಗ್ಗೆ ಮಾತ್ರ ನಿಮ್ಮಪ್ಪ ನನ್ನ ಕೈಯಿಂದ ಚೂರಿ ಕಿತ್ತುಕೊಂಡು, "ನೀನು ಹೋಗಿ ಕಾಫಿ ಕಾಯಿಸು ಮಾರಾಯ್ತಿ, ರೆಕ್ಕೆ ನಾನೇ ನೋಡ್ಕೋತೀನಿ" ಅಂದರು. ಎಂದೂ ಇಲ್ಲದ ಪ್ರೀತಿ! ಕಾಫಿ ತಂದು ನೋಡಿದರೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಾರೆ. ಏಳಿ ಅಂದರೆ, "ಮಂಡಿ ನೋವು ಕಣೇ." ಕೊನೆಗೆ "ಅಯ್ಯೋ, ನಿಮ್ಮ ದೋಣಿ ತೇಲಿಹೋಗ್ತಾ ಇದೆ!" ಎಂದು ಕೂಗಿದೆ. ಮಂಡಿ ನೋವೆಲ್ಲ ಎಲ್ಲಿ ಹೋಯಿತೋ, ಹಾರಿಬಿದ್ದು ಓಡಿದರು. ಬಕೆಟ್ ಎತ್ತಿದೆ. ರೆಕ್ಕೆ, ರೆಕ್ಕೆಯಲ್ಲಿ ಬಿಲ್ಲೆ, ಬಿಲ್ಲೆಯ ಮೇಲೆ 214. ಕಳೆದ ವಾರ ಬಂದ ನಿನ್ನ ಕಾಗದದಲ್ಲಿದ್ದ ಅದೇ ನಂಬರು!

ಮೂರು ವರ್ಷದ ಹಿಂದೆ ನೀನು ಆ ಕಡಲಿನವನ ಜೊತೆ ಹೊರಟ ದಿನ ನಿಮ್ಮಪ್ಪ ದಡದಲ್ಲಿ ನಿಂತು ಕೂಗಿದ್ದನ್ನು ನೀನು ಮರೆತಿರಲಾರೆ. "ಕಡಲಿನ ಶಾರ್ಕ್ ನದಿ ನಡುವಿನ ಎಲ್ ಕಾಸ್ತಿಯೋದ ಬಂಡೆಗಳ ಸೆಳವು ಹತ್ತಿ ಇಲ್ಲಿಗೆ ಬರಲಿ, ಅವತ್ತು ನಿನ್ನ ಹೊಸಿಲು ತುಳೀತೀನಿ!" ಎಂದಿದ್ದರು. ನಮ್ಮ ಶಾರ್ಕ್ ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಜಾತಿ, ಕಡಲಿನದಕ್ಕೆ ಸಿಹಿನೀರು ವಿಷ ಎಂದು ನಾವೆಲ್ಲ ನಂಬಿದ್ದೆವಲ್ಲ. ಅಂದರೆ ಎಂದೂ ಬರುವುದಿಲ್ಲ ಅಂತಲೇ ಆಣೆ. ನೀನೂ ಕಡಿಮೆಯವಳಲ್ಲ, ಅಪ್ಪ ಬಂದು ಎತ್ತಿಕೊಳ್ಳುವವರೆಗೂ ಮಗುವಿಗೆ ಜ್ಞಾನಸ್ನಾನ ಇಲ್ಲ ಎಂದು ಕೂತುಬಿಟ್ಟೆ.

ಬಿಲ್ಲೆ ಸಿಕ್ಕ ಮೇಲೆ ಮನೆಯಲ್ಲಿ ದೊಡ್ಡ ಜಗಳ. "ಯಾರೋ ದೋಣೀಲಿ ಹಾಕ್ಕೊಂಡು ಬಂದು ಬಿಟ್ಟಿರ್ಬೇಕು" ಎಂಬ ವಾದ. "ಏಳಡಿ ಶಾರ್ಕನ್ನ ತೊಡೆ ಮೇಲೆ ಕೂರಿಸ್ಕೊಂಡು ಬಂದ್ರಾ?" ಎಂಬ ಉತ್ತರ. ತೀರ್ಮಾನಕ್ಕೆ ಶಾಲೆಯ ಮೇಷ್ಟ್ರು ದೋನ್ ತಿಯೋಫಿಲೋ ಅವರ ಹತ್ತಿರ ಹೋದೆವು. ಶಾರ್ಕ್ ಎಲ್ಲೆಲ್ಲಿಗೆ ಹೋಗುತ್ತದೆಂದು ತಿಳಿಯಲು ನಿಮಗೆ ಬಿಲ್ಲೆ ಕೊಟ್ಟ ಪರದೇಶದ ಪ್ರೊಫೆಸರರ ಜೊತೆ ಅವರು ಮಾತಾಡಿದ್ದರಂತೆ.

"ಕಡಲಲ್ಲಿದ್ದಾಗ ಅದು ಉಪ್ಪನ್ನೂ ಮೂತ್ರದ ಸಾರವನ್ನೂ ರಕ್ತದಲ್ಲೇ ಹಿಡಿದಿಟ್ಕೊಳ್ಳುತ್ತೆ, ಇಲ್ದಿದ್ರೆ ಒಣಗಿಹೋಗುತ್ತೆ. ನದಿಗೆ ಬಂದ್ರೆ ಅದರಲ್ಲಿ ಒಂದಷ್ಟನ್ನ ಬಿಟ್ಟುಬಿಡುತ್ತೆ. ಆದ್ರೂ ಸಿಹಿನೀರು ಮೈಯೊಳಗೆ ನುಗ್ತಾನೇ ಇರುತ್ತಲ್ಲ, ಅದಕ್ಕೆ ಬಿಡದೆ ಉಚ್ಚೆ ಹೊಯ್ತಾ ಇರುತ್ತೆ" ಅಂದರು ಮೇಷ್ಟ್ರು.

"ಥೂ! ನಮ್ಮ ಸರೋವರದಲ್ಲಿ ಉಚ್ಚೆ ಹೊಯ್ಯಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ ಅದು?" ಅಂದರು ನಿಮ್ಮಪ್ಪ. ಮೇಷ್ಟ್ರು ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡರು. ನಾನೂ ನಕ್ಕೆ, ಆಮೇಲೆ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂತು ಅತ್ತೆ. ಎಷ್ಟು ಸಂತೋಷವಾಯಿತು ಮಗಳೇ, ಹೇಳಲಾರೆ.

ದಾರಿಯಲ್ಲಿ ನಿಮ್ಮಪ್ಪ ಒಂದೇ ಮಾತು ಕೇಳಿದರು: "ಬಿಳಿ ಅಂಗಿ ಎಲ್ಲಿಟ್ಟಿದ್ದೀಯೆ?" ಮುಂದಿನ ಗುರುವಾರದ ಲಾಂಚಿಗೆ ಹೊರಡುತ್ತಾರೆ. ಮಗುವಿನ ಜ್ಞಾನಸ್ನಾನಕ್ಕೆ ಪಾದ್ರಿಗೆ ಹೇಳಿಡು. ನೀವು ಮೀನನ್ನು ತೆಂಗಿನಹಾಲಿನಲ್ಲಿ ಬೇಯಿಸುತ್ತೀರಂತೆ. ಬಡಿಸಿದರೆ ಅವರು ಮೂಗು ಮುರಿದಾರು, ಬಿಡಬೇಡ, ಇನ್ನೊಂದು ಸೌಟು ಹಾಕು.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಅಮ್ಮ,
ಎದುವಿಹೆಸ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಮದುವೆಗೆ ನಿಮ್ಮಪ್ಪ ಅವತ್ತೇ ಒಪ್ಪಿದ್ದರು. ಒಪ್ಪದವಳು ನಾನು. "ಆಗದೇ ಇರೋ ಆಣೆ ಒಂದು ಹಾಕಿ, ಹೆದರಿ ವಾಪಸ್ ಬರ್ತಾಳೆ" ಎಂದು ಆ ಮಾತನ್ನು ಹೇಳಿಕೊಟ್ಟವಳೂ ನಾನೇ. ನೀನು ಬರಲಿಲ್ಲ. ಮೂರು ವರ್ಷ ಬೈಗುಳವೆಲ್ಲ ಅವರೇ ತಿಂದರು, ನನ್ನ ಹೆಸರೆತ್ತಲಿಲ್ಲ. ಯಾರೋ ದೋಣಿಯಲ್ಲಿ ತಂದು ಬಿಟ್ಟಿರಬೇಕು ಎಂದು ನಿನ್ನೆ ವಾದಿಸಿದ್ದೂ ನಾನೇ. ನಾನು ಸೋತೆ ಅನ್ನಿಸಬಾರದೆಂದು ಅವರು ಬಿಲ್ಲೆಯ ಮೇಲೆ ಕೂತಿದ್ದರಂತೆ. ಲಾಂಚಿನಲ್ಲಿ ಅವರು ಎರಡು ಜಾಗ ಹೇಳಿದ್ದಾರೆ. ನಾನೂ ಬರುತ್ತೇನೆ. ನಿನ್ನ ಮನೆಗೆ ಬರುವುದು ಬೇಡವೆಂದರೆ ದಡದಲ್ಲೇ ಕೂತಿರುತ್ತೇನೆ. ಅಳಿಯಂದಿರಿಗೆ ಹೇಳು, ಮಗುವನ್ನು ಅಲ್ಲಿಗೇ ತಂದು ಒಮ್ಮೆ ತೋರಿಸಲಿ.