ನೀನು ಕೊಳ್ಳಲು ಹೇಳಿದ ಸಿನಿಮಾ

ಕಮಲಾಪುರ
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ತಮ್ಮ ಶಿವಲಿಂಗನಿಗೆ,

ಹೇಗಿದ್ದೀಯಪ್ಪ? ಕೈ ನಡುಗುವುದು ಕಡಿಮೆಯಾಗಿದೆಯೇ? ಊಟ ಸೇರುತ್ತಿದೆಯೇ? ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ಫೋನ್ ಕೊಡುವುದಿಲ್ಲವೆಂದು ಮೊದಮೊದಲು ನನಗೆ ಬೇಜಾರಾಗಿತ್ತು. ಈಗ ಅದೇ ಒಳ್ಳೆಯದಾಯಿತು ಅನಿಸುತ್ತದೆ. ಇವತ್ತು ಬರೆಯುತ್ತಿರುವುದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನೀನು ನಡುವೆ ಒಂದು ಸಲ "ಹೂಂ" ಎಂದಿದ್ದರೂ ಸಾಕು, ಮಾತು ಬದಲಿಸಿ ಮಗಳು ಸೃಷ್ಟಿಯ ಪರೀಕ್ಷೆಯ ಸುದ್ದಿ ತೆಗೆದುಬಿಡುತ್ತಿದ್ದೆ. ಅವಳು ಓದುತ್ತಿದ್ದಾಳೆ, ಓದುವುದಕ್ಕಿಂತ ಹೆಚ್ಚು ಕನ್ನಡಿ ನೋಡುತ್ತಾಳೆ. ನಮ್ಮ ಮನೆಯವರಿಗೆ ಬಾಳೆತೋಟ ಬಿಟ್ಟರೆ ಬೇರೆ ಲೋಕವಿಲ್ಲ. ನಿನಗೆ ಇಷ್ಟವೆಂದು ಕೆಂಪುಬಾಳೆಯ ಒಂದು ಚಿಪ್ಪು ತೆಗೆದಿಟ್ಟಿದ್ದರು, ಕಳಿಸುವ ದಾರಿ ತಿಳಿಯದೆ ಅದು ಇಲ್ಲೇ ಕಪ್ಪಾಯಿತು. ಅವ್ವನ ಸುದ್ದಿ ಮುಂದೆ ಬರೆಯುತ್ತೇನೆ.

ಹೋದ ತಿಂಗಳು ನಿನ್ನನ್ನು ನೋಡಲು ಬಂದಾಗ ನೀನು ಹೇಳಿದ್ದೆ: "ಅಕ್ಕಾ, ನಮ್ಮ ಬ್ಯಾಂಡಿನ ಮ್ಯಾಲ ಸಿನಿಮಾ ಮಾಡ್ಯಾರಂತ. ತನ್ವೀರನ ಅಂಗಡ್ಯಾಗ ಮಾರ್ಲಾಕತ್ತಾರ. ಮೊದ್ಲ ನೀ ನೋಡು. ತೊಗೊಳ್ಳಂಗ ಇದ್ರ ತೊಗೋ, ಇಲ್ಲಂದ್ರ ಬಿಡು." ಬಿಡು ಎನ್ನುವಾಗ ನಿನ್ನ ಕಣ್ಣು ಬಿಡು ಎನ್ನುತ್ತಿರಲಿಲ್ಲ. ಆಸ್ಪತ್ರೆ ಸೇರಿದ ಮೇಲೆ ನಿನ್ನ ಮುಖದಲ್ಲಿ ಅಷ್ಟು ಜೀವ ಕಂಡಿದ್ದು ಅದೇ ಮೊದಲು. ಆದ್ದರಿಂದ ಮುಂದಿನ ಭಾನುವಾರವೇ ಬಸ್ಸು ಹತ್ತಿ ಕಲಬುರಗಿಗೆ ಹೋದೆ.

ಮೋಮಿನಪುರದಲ್ಲಿ ತನ್ವೀರನ ಮೊಬೈಲ್ ಅಂಗಡಿ ಈಗ ದೊಡ್ಡದಾಗಿದೆ. ಎದುರಿಗೇ ನಿಮ್ಮ 'ಸುಡುಬಿಸಿಲು' ಬ್ಯಾಂಡಿನ ದೊಡ್ಡ ಫೋಟೋ ಹಾಕಿದ್ದಾನೆ. ದಾನಿಶ್ ಮೈಕ್ ಹಿಡಿದಿದ್ದಾನೆ, ತನ್ವೀರ್ ಗಿಟಾರ್ ಹಿಡಿದಿದ್ದಾನೆ. ಡ್ರಮ್ಮಿನ ಹಿಂದೆ ನಿನ್ನ ಜಾಗದಲ್ಲಿ ಕೂತವನು ಯಾರೋ ಹೊಸ ಹುಡುಗ. ಅಲ್ಲಿಂದಲೇ ತಿರುಗಿ ಬಂದುಬಿಡಬೇಕಿತ್ತು. ತನ್ವೀರ್ ನನ್ನನ್ನು ಕಂಡವನೇ ಎದ್ದು ನಿಂತ. "ಅಕ್ಕಾರ, ಬರ್ರಿ, ನಿಮಗ ಮಾರೂದಿಲ್ಲ, ಹಂಗೇ ಒಯ್ಯಿರಿ" ಎಂದ. ಮೊದಲು ನೋಡುತ್ತೇನೆ ಎಂದೆ. ಅವನ ಹೆಂಡತಿ ಸಬಾ ಒಳಗಿನ ಕೋಣೆಯಲ್ಲಿ ಟಿವಿಗೆ ಹಾಕಿಕೊಟ್ಟು, ಚಹಾ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಶಿವೂ, ಸಿನಿಮಾ ಚೆನ್ನಾಗಿದೆ. ಇದನ್ನು ತೆಗೆದ ಪುಣೆಯ ಆ ಹುಡುಗಿ ಶ್ರದ್ಧೆಯಿಂದ ಮಾಡಿದ್ದಾಳೆ. ಕಪನೂರಿನ ಆ ವೆಲ್ಡಿಂಗ್ ಶೆಡ್ಡು, ಕೆಲಸ ಮುಗಿದ ಮೇಲೆ ನೀವು ಅಲ್ಲಿ ಸೇರುತ್ತಿದ್ದದ್ದು, ಮೇ ತಿಂಗಳ ಸೆಖೆಯಲ್ಲಿ ಎಲ್ಲರೂ ಬರೀ ಬನಿಯನ್ನಿನಲ್ಲಿ ಬಾರಿಸುವುದು, ಎಲ್ಲ ಇದೆ. ಶೆಡ್ಡಿನ ಮಾಲೀಕರು, ತನ್ವೀರನ ಅಪ್ಪ ಇಮಾಮುದ್ದೀನ್ ಸಾಹೇಬರು, ಕ್ಯಾಮೆರಾ ಮುಂದೆ ಕೂತು ನಿನ್ನ ಬಗ್ಗೆ ಹೇಳುತ್ತಾರೆ: "ಆ ಛೋಕ್ರಾ ಬಾರಸ್ಲಾಕ ಕುಂತ್ರ ನಮ್ಮ ಶೆಡ್ಡಿನ ತಗಡು ಸುದ್ದಾ ಕುಣೀತಿತ್ತು." ಆಮೇಲೆ ನೀನು ಕಂಡೆ. ಕೈಯಿಂದ ಡ್ರಮ್ಮಿನ ಕಡ್ಡಿ ಜಾರಿ ಬೀಳುತ್ತದೆ, ನೀನು ಬಗ್ಗಿ ಹುಡುಕುತ್ತೀ, ಸಿಗುವುದಿಲ್ಲ, ತಲೆ ಎತ್ತಿ ನಗುತ್ತೀ. ಬಾಯಿ ತುಂಬ ನಗು. ಅಪ್ಪ ತೀರಿಕೊಳ್ಳುವುದಕ್ಕಿಂತ ಮುಂಚಿನ ನಗು ಅದು. ಅಷ್ಟೊತ್ತಿಗೆ ನಾನು ಪರ್ಸಿಗೆ ಕೈ ಹಾಕಿದ್ದೆ.

ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಕಾಲೇಜು ಮೈದಾನದ ಆ ಕಾರ್ಯಕ್ರಮವೂ ಇದೆ. ನೀನು ಬರುವಾಗಲೇ ತೂರಾಡುತ್ತಿದ್ದೀ. ಎರಡನೆಯ ಹಾಡಿನ ನಡುವೆ ಡ್ರಮ್ಮುಗಳ ಸಮೇತ ಹಿಂದಕ್ಕೆ ಬೀಳುತ್ತೀ. ದಾನಿಶ್ ಮೈಕಿನಲ್ಲಿ ಹೇಳುತ್ತಾನೆ: "ನಮ್ಮ ಡ್ರಮ್ಮರ್ ಸಾಹೇಬ್ರಿಗೆ ನಿದ್ದಿ ಬಂದದ." ಮೈದಾನಕ್ಕೆ ಮೈದಾನವೇ ನಗುತ್ತದೆ. ಹಾಡು ಮುಂದುವರಿಯುತ್ತದೆ. ಆಮೇಲೆ ನೀನು ಸಿನಿಮಾದಲ್ಲಿ ಇಲ್ಲ. ಕೊನೆಯಲ್ಲಿ ಹೊಸ ಹುಡುಗ ಬಾರಿಸುತ್ತಾನೆ. ಅವನೂ ಚೆನ್ನಾಗಿ ಬಾರಿಸುತ್ತಾನೆ, ಅದನ್ನೂ ನಿನಗೆ ಹೇಳಬೇಕು. ಸಿನಿಮಾದಲ್ಲಿ ಒಂದು ಸುಳ್ಳಾದರೂ ಇದ್ದಿದ್ದರೆ ತನ್ವೀರನ ಜೊತೆ ಜಗಳ ತೆಗೆಯಬಹುದಿತ್ತು. ಹುಡುಕಿದೆ, ಸಿಗಲಿಲ್ಲ. ಖಾಲಿ ಕೈಯಲ್ಲಿ ಹೊರಗೆ ಬಂದೆ.

ಮನೆಯಲ್ಲಿ ಅವ್ವ ಕಾಯುತ್ತಿದ್ದಳು. ಅಷ್ಟೇನೂ ಚಂದ ಇಲ್ಲ, ತರಲಿಲ್ಲ ಎಂದೆ. ಅವಳು ಒಂದೇ ಮಾತು ಕೇಳಿದಳು: "ಅದರಾಗ ನನ್ನ ಮಗ ನಕ್ಕಾನೇನು?" ಒಂದು ಕಡೆ ನಕ್ಕಾನ ಎಂದೆ. ಅವ್ವ ಹಿಟ್ಟು ನಾದಲು ಕೂತಳು.

ಹೋದ ಗುರುವಾರ ನಾನು ಶಾಲೆಯಲ್ಲಿದ್ದಾಗ ಸಬಾಳ ಫೋನ್ ಬಂತು. "ಅಕ್ಕಾ, ಅಮ್ಮಾ ಬಂದಾರ. ಸಿನಿಮಾ ಹಚ್ಚು ಅಂದ್ರು. ನಿಲ್ಲಸ್ತೀನಂದ್ರ ಕೇಳ್ವಲ್ರು. ನೀವು ಲಗೂ ಬರ್ರಿ." ಮೊಣಕಾಲು ನೋವೆಂದು ಓಣಿಯ ಕೊನೆಯ ಗುಡಿಗೂ ಹೋಗದ ಅವ್ವ, ಒಬ್ಬಳೇ ಬಸ್ಸು ಹತ್ತಿ, ಮೋಮಿನಪುರದಲ್ಲಿ ಅವರಿವರನ್ನು ಕೇಳುತ್ತ ಹೋಗಿ ಅಂಗಡಿ ಮುಟ್ಟಿದ್ದಳು. ನಾನು ಹೆಡ್‌ಮಾಸ್ತರಿಗೆ ಹೇಳಿ ಓಡಿದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟಿವಿ ಆರಿಸಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಸಬಾ ಪಕ್ಕದಲ್ಲಿ ನೀರಿನ ಲೋಟ ಹಿಡಿದಿದ್ದಳು. ಅವ್ವ ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಬಿದ್ದ ಮ್ಯಾಲ ಯಾರೂ ಎಬ್ಬಸಲಿಲ್ಲಲ್ಲ, ಅಂಜೂ" ಎಂದಳು.

ತನ್ವೀರ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. "ನಾ ಅಲ್ಲೇ ಇದ್ದೆ ಅಮ್ಮಾ. ಗಿಟಾರ್ ಬಾರಸ್ಲಾಕತ್ತಿದ್ದೆ" ಎಂದ. ಅವ್ವ ಅವನ ಗಲ್ಲ ಮುಟ್ಟಿದಳು. ಬಯ್ಯಲಿಲ್ಲ. ಅವನು ಸಿನಿಮಾದ ಪೆನ್‌ಡ್ರೈವನ್ನು ಡಬ್ಬಿ ಸಮೇತ ಅವಳ ಕೈಗಿಟ್ಟ. ಅವ್ವ ಅದನ್ನು ಒಂದು ಗಳಿಗೆ ಹಿಡಿದುಕೊಂಡು ಮತ್ತೆ ಮೇಜಿನ ಮೇಲೆ ಇಟ್ಟು, "ಇದನ್ನ ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ, ನಗೂದು ಅಷ್ಟೇ ಕಡದು ಕೊಡ್ಲಿಕ್ಕೆ ಬರ್ತದೇನು?" ಎಂದು ಕೇಳಿದಳು. ಬರುತ್ತದೆ ಅಮ್ಮಾ ಎಂದು ತನ್ವೀರ್ ಕಂಪ್ಯೂಟರಿನ ಮುಂದೆ ಕೂಡಲು ಹೋದ. ಆಗ ಅವಳೇ ಬೇಡವೆಂದಳು. "ಬ್ಯಾಡಪ್ಪ. ಮುಂದಿಂದು ಈಗ ಗೊತ್ತಾಗ್ಯಾದಲ್ಲ."

ಅಂದಿನಿಂದ ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಅರ್ಧ ರೊಟ್ಟಿ ಮುರಿದು ಹಾಗೇ ತಾಟಿನಲ್ಲಿ ಬಿಡುತ್ತಾಳೆ. ಸಿಟ್ಟಿಲ್ಲ, ಅಳುವಿಲ್ಲ. ಸೃಷ್ಟಿ ಏನಾದರೂ ತಮಾಷೆ ಮಾಡಿದರೆ ತಡವಾಗಿ ಅವಳ ಕಡೆ ತಿರುಗುತ್ತಾಳೆ, ಯಾರೋ ದೂರದಿಂದ ಕರೆದಂತೆ. ಡಾಕ್ಟರಿಗೆ ತೋರಿಸಿದೆ, ಏನೂ ಇಲ್ಲ ಎಂದರು.

ಹಾಗಾಗಿ ನೀನು ಕೇಳಿದ್ದಕ್ಕೆ ಉತ್ತರ: ಊರಿನವರು ಕೊಳ್ಳಲಿ, ಕೊಳ್ಳುವಂಥ ಸಿನಿಮಾ ಅದು. ನಮಗೆ ಬೇಡ. ನಿನಗಂತೂ ಬೇಡವೇ ಬೇಡ. ಮೊದಲ ಅರ್ಧ ನೋಡಿ ಎದ್ದುಬಿಡುವಷ್ಟು ಗಟ್ಟಿಗ ನೀನಲ್ಲ, ನಾನೂ ಅಲ್ಲ.

ವೇಳೆಗೆ ಸರಿಯಾಗಿ ಗುಳಿಗೆ ತೆಗೆದುಕೋ. ಅಲ್ಲಿಯ ಅನ್ನ ರುಚಿಯಿಲ್ಲದಿದ್ದರೂ ಉಣ್ಣು. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿದುಕೋ. ಸೃಷ್ಟಿ ಮಾಮನಿಗೆ ನಮಸ್ಕಾರ ಹೇಳಿದ್ದಾಳೆ.

ನಿನ್ನ ಅಕ್ಕ,
ಅಂಜನಾ

ಮರೆತಿದ್ದಲ್ಲ, ಈಗಷ್ಟೇ ತಿಳಿದದ್ದು: ಲಕೋಟೆ ಅಂಟಿಸುವಾಗ ನಿನ್ನ ಡಾಕ್ಟರು ಫೋನ್ ಮಾಡಿದ್ದರು. ಮುಂದಿನ ತಿಂಗಳು ಕಲಬುರಗಿಯಲ್ಲಿ ಬ್ಯಾಂಡಿನ ದೊಡ್ಡ ಕಾರ್ಯಕ್ರಮವಿದೆ, ನೀನು ಬಾರಿಸಲೇಬೇಕು, ಅಕ್ಕ ಸಹಿ ಹಾಕಿ ಬಿಡಿಸಿಕೊಂಡು ಹೋಗುತ್ತಾಳೆ ಎಂದು ಹೇಳಿದ್ದೀಯಂತೆ. ತನ್ವೀರನನ್ನು ಕೇಳಿದೆ. ಅವರು ನಿನ್ನನ್ನು ಕರೆದಿಲ್ಲ, ಕರೆಯುವುದೂ ಇಲ್ಲ. ಅವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಆದರೂ ಕರಕೊಂಡು ಬಾ ಎನ್ನುತ್ತಿದ್ದಾಳೆ. ನಾನು ಸಹಿ ಹಾಕುವುದಿಲ್ಲ, ಶಿವೂ. ಹಿಂದೆ ಹಾಕಿದಾಗಲೆಲ್ಲ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಿದೆ. ಅಲ್ಲೇ ಇದ್ದರೆ ನೆಟ್ಟಗಾಗುತ್ತೀ ಎಂಬ ಧೈರ್ಯವೂ ನನಗೆ ಉಳಿದಿಲ್ಲ. ನನ್ನ ಮೇಲೆ ಸಿಟ್ಟಾಗು, ಮಾತು ಬಿಡು, ಆದರೆ ಅಲ್ಲೇ ಇದ್ದು ಸಿಟ್ಟಾಗು.